ಬಾಂಡ್, ಒರಿಜಿನಲ್ ಸರ್ಟಿಫಿಕೇಟ್, ಅರ್ಧಂಬರ್ಧ ಮಲಯಾಳಂ: ಮೊದಲ ಕೆಲಸಕ್ಕೆ ಸೇರುವ ಮುಂಚೆ

ಓದುಗರ ಪ್ರಶ್ನೆ:

"ನಾನು ಬದಿಯಡ್ಕದ ಹತ್ತಿರದವಳು, ವಯಸ್ಸು 22. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ಲಸ್ ಟು ಆಗಿ ಬಿ.ಕಾಂ. ಮುಗಿಸಿದ್ದೇನೆ. ಕಾಸರಗೋಡು ಪೇಟೆಯ ಒಂದು ಡಿಸ್ಟ್ರಿಬ್ಯೂಷನ್ ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ. ಮೂವತ್ತು ಮೂವತ್ತೈದು ಜನ ಇರುವ ಕಂಪನಿ. ಜುಲೈ 20ಕ್ಕೆ ಬಂದು ಸೇರಿ ಎಂದಿದ್ದಾರೆ. ಇಂಟರ್‌ವ್ಯೂನಲ್ಲಿ ಸಂಬಳ 18,000 ಎಂದರು. ಕೊಟ್ಟ ಕಾಗದದಲ್ಲಿ 'ಸಿಟಿಸಿ 18,000' ಎಂದಿದೆ. ಕೈಗೆ ಎಷ್ಟು ಬರುತ್ತದೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಬುಕ್ಕು, ಡಿಗ್ರಿ ಸರ್ಟಿಫಿಕೇಟಿನ ಒರಿಜಿನಲ್ ಆಫೀಸಿನಲ್ಲಿ ಇಡಬೇಕಂತೆ. ಎರಡು ವರ್ಷದ ಬಾಂಡ್, ಮಧ್ಯದಲ್ಲಿ ಬಿಟ್ಟರೆ 50,000 ಕಟ್ಟಬೇಕು. ಅದಕ್ಕೆ ಸಹಿ ಹಾಕಿದ ಒಂದು ಖಾಲಿ ಚೆಕ್ ಕೂಡ ಕೇಳಿದ್ದಾರೆ. ಅಪ್ಪ 'ಕೊಡು, ಕೆಲಸ ಸಿಕ್ಕಿದ್ದೇ ದೊಡ್ಡದು' ಎನ್ನುತ್ತಾರೆ. ಭಾವ 'ಬಾಂಡಿಗೆಲ್ಲ ಬೆಲೆ ಇಲ್ಲ, ಸುಮ್ನೆ ಸಹಿ ಹಾಕು, ಬೇಡ ಅನಿಸಿದಾಗ ಬಿಡು' ಎನ್ನುತ್ತಾರೆ.

ನನ್ನ ದೊಡ್ಡ ಹೆದರಿಕೆ ಬೇರೆಯೇ. ಆಫೀಸಿನಲ್ಲಿ ಎಲ್ಲರೂ ಮಲಯಾಳಂ ಮಾತಾಡುತ್ತಾರೆ. ನನಗೆ ಬಸ್ಸು, ಅಂಗಡಿಗೆ ಸಾಕಾಗುವಷ್ಟು ಬರುತ್ತದೆ, ಅಷ್ಟೇ. ಓದುವುದು ನಿಧಾನ. ಇಂಗ್ಲಿಷಿನಲ್ಲಿ ಮೇಲ್ ಬರೆಯಲು ಕೈ ನಡುಗುತ್ತದೆ. ಡೌಟ್ ಕೇಳಿದರೆ 'ಇವಳಿಗೆ ಏನೂ ಬರುವುದಿಲ್ಲ' ಅಂದುಕೊಳ್ಳುವುದಿಲ್ಲವಾ? ಸರ್ಕಾರಿ ಕೆಲಸಕ್ಕೆಂದು ಪಿಎಸ್‌ಸಿ ಪರೀಕ್ಷೆಗೂ ಓದುತ್ತಿದ್ದೇನೆ, ಅದನ್ನು ಹೇಳಬೇಕಾ? ಇಷ್ಟರ ಮೇಲೆ ಅಜ್ಜಿ ಆಟಿಯಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಹೊಸ ಕೆಲಸ ಶುರು ಮಾಡಬಾರದು ಎನ್ನುತ್ತಿದ್ದಾರೆ."

ಉತ್ತರ:

ನಿಮ್ಮ ಹೆದರಿಕೆ ಭಾಷೆಯದ್ದು. ಆದರೆ ನಿಮ್ಮ ಪತ್ರ ಓದುವಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಖಾಲಿ ಚೆಕ್. ಮಲಯಾಳಂ ಸರಿಮಾಡಿಕೊಳ್ಳಲು ವರ್ಷವಿಡೀ ಸಮಯ ಇದೆ. ಸಹಿ ಹಾಕಿದ ಕಾಗದವನ್ನು ಸರಿಮಾಡಲು ಸಮಯ ಇರುವುದು ಸಹಿ ಹಾಕುವ ಮೊದಲು ಮಾತ್ರ. ಹಾಗಾಗಿ ಕಾಗದಪತ್ರದ ವಿಷಯ ಮೊದಲು, ಭಾಷೆ ಆಮೇಲೆ. ಮಂಗಳೂರು, ಕಾಸರಗೋಡು ಎರಡೂ ಕಡೆ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ಸಂಬಳದ ಪಟ್ಟಿ ಮಾಡುವ ಕೆಲಸದಲ್ಲೇ ಇರುವುದರಿಂದ, ಮೇಜಿನ ಆ ಕಡೆ ಕೂತವರು ಏನು ಯೋಚಿಸುತ್ತಾರೆ ಎನ್ನುವುದನ್ನೂ ಸೇರಿಸಿ ಹೇಳುತ್ತೇನೆ.

ಖಾಲಿ ಚೆಕ್ ಕೊಡಬೇಡಿ. ಇದರಲ್ಲಿ ಅತ್ತ ಇತ್ತ ಇಲ್ಲ. ಬಾಂಡ್ ಎನ್ನುವುದು ಸಿವಿಲ್ ವಿಷಯ. ಚೆಕ್ ಬೌನ್ಸ್ ಹಾಗಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಅದು ಕ್ರಿಮಿನಲ್ ಕೇಸ್. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. "ಮೊತ್ತ ಬರೆದದ್ದು ನಾನಲ್ಲವಲ್ಲ" ಎಂದು ಮಾತ್ರ ಹೇಳಿ ಪಾರಾಗಲು ಆಗುವುದಿಲ್ಲ. ಸಹಿ ಹಾಕಿ ಸ್ವಇಚ್ಛೆಯಿಂದ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ ಕೊಟ್ಟವರ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕೊಟ್ಟದ್ದು ಸಾಲಕ್ಕಲ್ಲ ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆಗೇ ಬರುತ್ತದೆ. ಸಹಿ ಹಾಕಿದ ಖಾಲಿ ಮುದ್ರಾಂಕ ಕಾಗದವನ್ನೂ ಕೊಡಬೇಡಿ. "ಬಾಂಡ್ ಓದಿ ಸಹಿ ಹಾಕುತ್ತೇನೆ ಸರ್, ಚೆಕ್ ಕೊಡುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ" ಎಂದು ಹೇಳಿ. ನಮ್ಮೂರಿನಲ್ಲಿ 'ಮನೆಯಲ್ಲಿ ಒಪ್ಪುವುದಿಲ್ಲ' ಎಂಬ ಮಾತಿಗೆ ಇನ್ನೂ ಮರ್ಯಾದೆ ಇದೆ, ಬಳಸಿಕೊಳ್ಳಿ. ಅಷ್ಟಕ್ಕೇ ಕೆಲಸ ಇಲ್ಲ ಎಂದರೆ ಆ ಕೆಲಸ ಹೋಗಲಿ ಬಿಡಿ.

ಇನ್ನು ಒರಿಜಿನಲ್ ಸರ್ಟಿಫಿಕೇಟ್. 'ಕಂಪನಿಗೆ ಇಟ್ಟುಕೊಳ್ಳುವ ಹಕ್ಕಿದೆ' ಎಂದು ತುಂಬಾ ಜನ ತಿಳಿದಿದ್ದಾರೆ. ಖಾಸಗಿ ಕಂಪನಿ ನಿಮ್ಮ ಎಸ್ಸೆಸ್ಸೆಲ್ಸಿ ಬುಕ್ಕನ್ನು ಒತ್ತೆ ಇಟ್ಟುಕೊಳ್ಳಬೇಕು ಎನ್ನುವ ಕಾನೂನು ಯಾವುದೂ ಇಲ್ಲ. ನೋಡುವುದು, ತಾಳೆ ಮಾಡುವುದು, ಪ್ರತಿ ಇಟ್ಟುಕೊಳ್ಳುವುದು, ಇಷ್ಟು ಅವರ ಕೆಲಸ. ಮತ್ತೆ ಯಾಕೆ ಕೇಳುತ್ತಾರೆ? ಮೋಸ ಮಾಡಲಿಕ್ಕೆ ಎಂದು ನಾನು ಹೇಳುವುದಿಲ್ಲ. ಹೆಚ್ಚಿನ ಕಡೆ ಹೆದರಿಕೆಯಿಂದ ಕೇಳುತ್ತಾರೆ. ಕಾಸರಗೋಡಿನ ಸಣ್ಣ ಆಫೀಸಿಗೆ ಜನ ನಿಲ್ಲುವುದೇ ಕಷ್ಟ. ಕೆಲಸ ಕಲಿತು ಆರು ತಿಂಗಳಾಗುವಾಗ ಒಬ್ಬನಿಗೆ ಗಲ್ಫಿನ ವೀಸಾ ಬರುತ್ತದೆ. ಇನ್ನೊಬ್ಬಳಿಗೆ ಪಿಎಸ್‌ಸಿಯಿಂದ ಅಡ್ವೈಸ್ ಮೆಮೊ (ನೇಮಕಕ್ಕೆ ಶಿಫಾರಸಿನ ಪತ್ರ) ಬರುತ್ತದೆ. ಮತ್ತೊಬ್ಬರಿಗೆ ಮಂಗಳೂರಿನಲ್ಲಿ ಎರಡು ಸಾವಿರ ಜಾಸ್ತಿ ಸಿಗುತ್ತದೆ. ಹೇಳದೆ ಕೇಳದೆ ನಾಳೆಯಿಂದ ಬರುವುದನ್ನೇ ನಿಲ್ಲಿಸಿದವರು ಬೇಕಾದಷ್ಟಿದ್ದಾರೆ. ಆ ಸಿಟ್ಟು ನಿಮ್ಮ ಬುಕ್ಕಿನ ಮೇಲೆ ಬಂದು ಕೂತಿದೆ.

ಕಾರಣ ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಕೊಡಬೇಕೆಂದಿಲ್ಲ. ನಿಮಗೆ ಪಿಎಸ್‌ಸಿ ವೆರಿಫಿಕೇಷನ್ನಿಗೆ ಒರಿಜಿನಲ್ ಬೇಕು. ನಾಳೆ ಎಂ.ಕಾಂ.ಗೆ ಸೇರುವುದಾದರೆ ಬೇಕು. ಆಫೀಸಿನ ಕಪಾಟಿನಲ್ಲಿ ಗೆದ್ದಲು ಹಿಡಿದರೆ, ಮಳೆಗಾಲದಲ್ಲಿ ನೀರು ಸೋರಿದರೆ, ಎಸ್ಸೆಸ್ಸೆಲ್ಸಿಗೆ ತಿರುವನಂತಪುರದ ಪರೀಕ್ಷಾ ಭವನ, ಡಿಗ್ರಿಗೆ ವಿಶ್ವವಿದ್ಯಾನಿಲಯ ಎಂದು ಅಲೆಯಬೇಕಾದವರು ನೀವು, ಅವರಲ್ಲ.

ನಿಮ್ಮ ಮುಂದಿರುವ ದಾರಿ ಹೀಗೆ. ಮೊದಲನೆಯದು, ಸೇರುವ ದಿನ ಒರಿಜಿನಲ್ ತೆಗೆದುಕೊಂಡು ಹೋಗಿ, ಅವರ ಎದುರೇ ತೋರಿಸಿ, ಸ್ವಂತ ಸಹಿ ಹಾಕಿದ ಪ್ರತಿ ಕೊಟ್ಟು ವಾಪಸ್ ತರುವುದು. ಎಸ್ಸೆಸ್ಸೆಲ್ಸಿ ಡಿಜಿಲಾಕರಿನಲ್ಲಿ ಸಿಗುತ್ತದೆ, ಅದನ್ನೂ ತೋರಿಸಬಹುದು. ಹತ್ತರಲ್ಲಿ ಎಂಟು ಕಡೆ ಇಷ್ಟಕ್ಕೆ ಮುಗಿಯುತ್ತದೆ, ಇದು ನನ್ನ ಅಂದಾಜು. ಎರಡನೆಯದು, ಹಟ ಹಿಡಿದರೆ ಒಂದೇ ಒಂದು ಸರ್ಟಿಫಿಕೇಟನ್ನು, ಅದರ ನಂಬರ್ ಬರೆದು, 'ಇಂಥ ದಿನದೊಳಗೆ ವಾಪಸ್ ಕೊಡುತ್ತೇವೆ' ಎಂದು ಸೀಲ್ ಹಾಕಿದ ರಶೀದಿ ಪಡೆದು ಕೊಡುವುದು. ಇದರಲ್ಲಿ ಅಪಾಯ ಇದೆ. ರಶೀದಿ ಇದ್ದರೂ ಬಿಡುವಾಗ ಎಳೆದಾಡಿಸಿದ್ದನ್ನು ಕಂಡಿದ್ದೇನೆ. ವಕೀಲರ ನೋಟಿಸು ಹೋದ ಮೇಲೆ ಕವರಿನಲ್ಲಿ ಬಂದದ್ದೂ ಇದೆ. ಮೂರನೆಯದು, ಕೆಲಸ ಬೇಡ ಎನ್ನುವುದು. ನಾನಾದರೆ ಮೊದಲನೆಯದನ್ನು ಗಟ್ಟಿಯಾಗಿ ಹಿಡಿಯುತ್ತೇನೆ, ಎರಡನೆಯದಕ್ಕೆ ಇಳಿಯುವುದಿಲ್ಲ.

ಬಾಂಡಿನ ವಿಷಯದಲ್ಲಿ ಅಪ್ಪ ಹೇಳಿದ್ದೂ ಪೂರ್ತಿ ಸರಿಯಲ್ಲ, ಭಾವ ಹೇಳಿದ್ದೂ ಸರಿಯಲ್ಲ. 'ಬಾಂಡ್ ಎಂದರೆ ಎರಡು ವರ್ಷ ಕಟ್ಟಿಹಾಕಿದ ಹಾಗೆ' ಎನ್ನುವುದು ತಪ್ಪು. ಇಷ್ಟವಿಲ್ಲದವರನ್ನು ಕೆಲಸ ಮಾಡಲೇಬೇಕು ಎಂದು ಯಾವ ಕೋರ್ಟೂ ಕೂರಿಸುವುದಿಲ್ಲ, ಪೊಲೀಸರು ಮನೆಗೆ ಬರುವುದಿಲ್ಲ. ಹೆಚ್ಚೆಂದರೆ ಪರಿಹಾರ ಕೇಳಿ ಸಿವಿಲ್ ಕೋರ್ಟಿಗೆ ಹೋಗಬಹುದು. ಅಲ್ಲಿ ಕೂಡ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಕಾಗದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ, ಅಷ್ಟೂ ಸಿಕ್ಕಿಯೇ ಸಿಗುತ್ತದೆ ಎಂದಲ್ಲ.

ಹಾಗೆಂದು 'ಬಾಂಡಿಗೆ ಬೆಲೆ ಇಲ್ಲ' ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೌದು, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ಅದೇ ಬ್ಯಾಂಕು. ಮೂರು ವರ್ಷದ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಎನ್ನುವ ಷರತ್ತು ಅಲ್ಲಿತ್ತು. ಅದು ಸರಿ ಎಂದೇ ಕೋರ್ಟ್ ಹೇಳಿತು. ಅದು ಸರ್ಕಾರಿ ಬ್ಯಾಂಕು, ಅಧಿಕಾರಿಯ ಹುದ್ದೆ, ಮತ್ತೆ ನೇಮಕ ಮಾಡಲು ದೊಡ್ಡ ಖರ್ಚು ಎಂಬುದೆಲ್ಲ ಆ ತೀರ್ಪಿನ ಹಿಂದೆ ಇದೆ. ನಿಮ್ಮ ಕೆಲಸಕ್ಕೆ ಅದನ್ನು ಹಾಗೇ ಅಂಟಿಸಲು ಆಗುವುದಿಲ್ಲ. ಆದರೂ ಸಹಿ ಹಾಕುವಾಗ 'ಇದು ಸುಮ್ನೆ ಕಾಗದ' ಎಂದು ತಿಳಿಯುವ ಕಾಲ ಹೋಯಿತು.

ಹಾಗಾಗಿ ಕಾಗದವನ್ನು ಒಂದು ದಿನ ಮನೆಗೆ ತಂದು ಓದಿ. ಎರಡು ವರ್ಷ ಎಂದರೆ ಯಾವ ತಾರೀಕಿನಿಂದ? ಪ್ರೊಬೇಷನ್ ಅದರ ಒಳಗೋ ಹೊರಗೋ? ಅವರೇ ನಿಮ್ಮನ್ನು ತೆಗೆದರೆ ಏನು ಕತೆ? (ಇದನ್ನು ಬರೆದೇ ಇರುವುದಿಲ್ಲ, ನೋಡಿ ಬೇಕಾದರೆ.) 50,000 ಎನ್ನುವುದು 23ನೇ ತಿಂಗಳಿಗೂ ಅಷ್ಟೇ ಇದೆಯೋ, ಇಳಿಯುತ್ತಾ ಹೋಗುತ್ತದೋ? ಕೇಳಿದರೆ ಬದಲಾಗುವ ಸಾಲುಗಳು ಇವು. ಎರಡು ವರ್ಷವನ್ನು ಒಂದಕ್ಕೆ ಇಳಿಸಿ ಎನ್ನಬಹುದು. ಮೊತ್ತವನ್ನು ಉಳಿದ ತಿಂಗಳಿಗೆ ತಕ್ಕ ಹಾಗೆ ಮಾಡಿ ಎನ್ನಬಹುದು. ನಿಮಗಂತೂ ಮುಖ್ಯವಾದದ್ದು, 'ಸರ್ಕಾರಿ ಕೆಲಸ ಸಿಕ್ಕಿದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು' ಎನ್ನುವ ಒಂದು ಸಾಲು. ಕಾಸರಗೋಡಿನ ಯಾವ ಮಾಲೀಕರಿಗೂ ಇದು ಹೊಸ ಮಾತಲ್ಲ. ಸಹಿ ಹಾಕಿದ ಮೇಲೆ ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲೇಬೇಕು. ಬಾಂಡ್ ಮಾತ್ರ ಕೊಟ್ಟು ನೇಮಕಾತಿ ಪತ್ರ 'ಆಮೇಲೆ ಕೊಡುತ್ತೇವೆ' ಎಂದರೆ ಒಪ್ಪಬೇಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ.

ಸಂಬಳದ ಲೆಕ್ಕ ಬೇಗ ಮುಗಿಸೋಣ. ನೀವೇ ಬಿ.ಕಾಂ., ನನಗಿಂತ ಚುರುಕಾಗಿ ಮಾಡುತ್ತೀರಿ. ಸಿಟಿಸಿ ಎಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಕೈಗೆ ಬರುವ ದುಡ್ಡಲ್ಲ. ಉದಾಹರಣೆಗೆ ತಿಂಗಳ ಸಂಬಳ 16,000, ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿ.ಎ. (ತುಟ್ಟಿಭತ್ಯೆ) ಸೇರಿ 12,000 ಎಂದು ಇಟ್ಟುಕೊಳ್ಳಿ. ಕಂಪನಿ ಪಿಎಫ್‌ಗೆ (ಭವಿಷ್ಯ ನಿಧಿ) ಆ 12,000ದ 12 ಶೇಕಡಾ, ಅಂದರೆ 1,440 ಹಾಕುತ್ತದೆ. ಇಎಸ್‌ಐಗೆ (ಕಾರ್ಮಿಕರ ವಿಮೆ) 16,000ದ 3.25 ಶೇಕಡಾ, ಅಂದರೆ 520. ಎಲ್ಲ ಕೂಡಿದರೆ 17,960. ಚಿಲ್ಲರೆ ಶುಲ್ಕ ಸೇರಿದರೆ ಹೆಚ್ಚುಕಡಿಮೆ 18,000. ಇದು ಸಿಟಿಸಿ. ಇನ್ನು ಆ 16,000ದಿಂದ ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ 0.75 ಶೇಕಡಾ, ಅಂದರೆ 120, ಕಳೆಯಿರಿ. ಕೈಗೆ 14,440. ಜೊತೆಗೆ ಕೇರಳದಲ್ಲಿ ವೃತ್ತಿ ತೆರಿಗೆ ಆರು ತಿಂಗಳಿಗೊಮ್ಮೆ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ಆ ತಿಂಗಳು ಇನ್ನಷ್ಟು ಕಡಿಮೆ ಬಂದರೆ ಗಾಬರಿಯಾಗಬೇಡಿ. ನಿಮ್ಮ ಕಾಗದದಲ್ಲಿ ಬೇಸಿಕ್ ಎಷ್ಟು ಎಂದು ನೋಡಿ ಇದೇ ಲೆಕ್ಕ ಹಾಕಿ.

'ಪಿಎಫ್ ಹೋದ ದುಡ್ಡು, ಬೇಡ ಎಂದು ಹೇಳು' ಎನ್ನುವವರು ಸಿಗುತ್ತಾರೆ. ಹೋದ ದುಡ್ಡಲ್ಲ. ಕಂಪನಿ ಹಾಕುವ 1,440ರಲ್ಲಿ ಸುಮಾರು 1,000 ಪಿಂಚಣಿ ಖಾತೆಗೆ, 440 ಪಿಎಫ್‌ಗೆ ಹೋಗುತ್ತದೆ, ನಿಮ್ಮ 1,440 ಪೂರ್ತಿ ಪಿಎಫ್‌ಗೆ. ಕೆಲಸ ಬದಲಾದರೂ ಅದೇ 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಜೊತೆಗೆ ಬರುತ್ತದೆ. ಇಎಸ್‌ಐಯಲ್ಲಿ ಸೇರಿದ ದಿನದಿಂದಲೇ ಚಿಕಿತ್ಸೆಯ ಸೌಲಭ್ಯ ಇದೆ. ಇಲ್ಲಿ ಒಂದು ಕಿರಿಕಿರಿ ಮಾತ್ರ ಮೊದಲೇ ನೋಡಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಪಾನ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆ ಹೆಸರು. ಈ ನಾಲ್ಕು ಒಂದಕ್ಕೊಂದು ತಾಳೆಯಾಗದೆ ಪಿಎಫ್ ಸಿಕ್ಕಿಹಾಕಿಕೊಂಡವರು ತುಂಬಾ ಜನ. ಸೇರುವ ಮೊದಲೇ ನಾಲ್ಕನ್ನೂ ಎದುರಿಗೆ ಇಟ್ಟು ನೋಡಿ, ವ್ಯತ್ಯಾಸ ಇದ್ದರೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಆನ್‌ಲೈನ್ ಸೇವೆಯ ಕೇಂದ್ರ) ವಿಚಾರಿಸಿ ತಿದ್ದಿಸಲು ಹಾಕಿ.

ಈಗ ನಿಮ್ಮ ದೊಡ್ಡ ಹೆದರಿಕೆಗೆ ಬರೋಣ.

ಮಲಯಾಳಂ ಸರಿ ಬಾರದಿದ್ದರೆ ನಗುತ್ತಾರಾ? ಸ್ವಲ್ಪ ದಿನ ನಗುತ್ತಾರೆ. ನಗುವುದಿಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಪ್ರಯೋಜನ ಇಲ್ಲ. ಆದರೆ ಒಂದು ವಿಷಯ ನೆನಪಿರಲಿ. ಕಾಸರಗೋಡಿನವರು ಮಾತಾಡುವ ಮಲಯಾಳಂ ಕೇಳಿ ತಿರುವನಂತಪುರದವರು ನಗುತ್ತಾರೆ. ಆ ಆಫೀಸಿನಲ್ಲಿ ಅರ್ಧ ಜನಕ್ಕೆ ಈ ಅನುಭವ ಇದ್ದೇ ಇರುತ್ತದೆ. ಏಳು ಭಾಷೆಯ ಊರು ಎಂದು ವೇದಿಕೆಯ ಮೇಲೆ ಹೇಳಿಕೊಳ್ಳುವ ಜಿಲ್ಲೆ ಇದು. ಸರ್, ಚೇಚಿ, ಇಕ್ಕ, ಅಣ್ಣ ಎಲ್ಲ ಒಂದೇ ಕೋಣೆಯಲ್ಲಿ ಕೇಳುತ್ತದೆ. ತಪ್ಪು ಮಲಯಾಳಂನಿಂದ ಕೆಲಸ ಕಳೆದುಕೊಂಡವರನ್ನು ನಾನು ಕಂಡಿಲ್ಲ. ಅರ್ಥವಾಗದಿದ್ದರೂ 'ಹ್ಞೂಂ ಸರ್' ಎಂದು ತಲೆಯಾಡಿಸಿ ಕೂತು ಕಷ್ಟಕ್ಕೆ ಬಿದ್ದವರನ್ನು ಮಾತ್ರ ಕಂಡಿದ್ದೇನೆ.

ಉಪ್ಪಳ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನಿಮ್ಮ ಹಾಗೆಯೇ ಕನ್ನಡ ಮೀಡಿಯಂ, ಬಿ.ಕಾಂ., ಖರೀದಿ ಬಿಲ್ಲುಗಳನ್ನು ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕುವ ಕೆಲಸ. ಬಿಲ್ಲುಗಳಲ್ಲಿ ಅರ್ಧಕ್ಕರ್ಧ ಮಂಗಳೂರು ಬಂದರಿನ ಹೋಲ್‌ಸೇಲ್ ಅಂಗಡಿಗಳವು. ಉಪ್ಪಳದವನಿಗೆ ಮಂಗಳೂರು ಎಂದರೆ ಪೇಟೆ. ಬಟ್ಟೆಗೂ ಆಸ್ಪತ್ರೆಗೂ ಅಲ್ಲಿಗೇ ಹೋಗುವುದು. ಆದರೆ ಜಿಎಸ್‌ಟಿಗೆ ತಲಪಾಡಿ ದಾಟಿದರೆ ಬೇರೆ ರಾಜ್ಯ. ಅಂಗಡಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾದರೆ ಕರ್ನಾಟಕ, 32 ಆದರೆ ಕೇರಳ. ಕೇರಳದ ಬಿಲ್ಲಿಗೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎಂದು ಎರಡು ಭಾಗ. ಕರ್ನಾಟಕದ ಬಿಲ್ಲಿಗೆ ಐಜಿಎಸ್‌ಟಿ ಎಂದು ಒಂದೇ. ಇವನು ಎಲ್ಲವನ್ನೂ ಲೋಕಲ್ ಖರೀದಿ ಎಂದೇ ಹಾಕುತ್ತಾ ಹೋದ.

ಇದರಲ್ಲಿ ಗಮನಿಸಬೇಕಾದದ್ದು ಏನು ಗೊತ್ತಾ? ಅವನಿಗೆ ಮೊದಲ ದಿನವೇ ಡೌಟ್ ಬಂದಿತ್ತು. ಬಿಲ್ಲಿನಲ್ಲಿ ಐಜಿಎಸ್‌ಟಿ ಎಂದು ಬರೆದದ್ದು ಕಣ್ಣಿಗೆ ಬಿದ್ದಿತ್ತು. ಅಕೌಂಟೆಂಟ್ ಫೋನಿನಲ್ಲಿ ಜೋರಾಗಿ ಮಲಯಾಳಂನಲ್ಲಿ ಮಾತಾಡುತ್ತಿದ್ದರು. ಮಧ್ಯ ಹೋಗಿ ಕೇಳಲು ನಾಚಿಕೆ ಆಯಿತು. ಮಾರನೇ ದಿನ ಕೇಳಿದರೆ 'ನಿನ್ನೆ ಹೇಗೆ ಹಾಕಿದೆ?' ಎಂದು ಕೇಳುತ್ತಾರೆ ಎಂಬ ಹೆದರಿಕೆ ಸೇರಿತು. ಮೂರನೇ ದಿನಕ್ಕೆ ಕೇಳುವುದು ಇನ್ನೂ ಕಷ್ಟವಾಯಿತು. ಮುಂದಿನ ತಿಂಗಳು 14ಕ್ಕೆ ಪೋರ್ಟಲಿನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ಸಪ್ಲೈಯರುಗಳು ತೋರಿಸಿದ ತೆರಿಗೆಯ ಪಟ್ಟಿ ಅದು. ತಾಳೆ ಹಾಕಿದರೆ ಒಂದು ಕಾಲಮ್ಮೂ ಕೂಡುವುದಿಲ್ಲ. 20ನೇ ತಾರೀಕಿನ ಒಳಗೆ ರಿಟರ್ನ್ ಹೋಗಬೇಕು. ಎರಡು ರಾತ್ರಿ ಎಲ್ಲರೂ ಕೂತು ತಿದ್ದಿದರು.

ಯಾರೂ ಅವನನ್ನು ಬೈದು ಓಡಿಸಲಿಲ್ಲ. ಹೊಸಬರು ತಪ್ಪು ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದಾದ ಮೇಲೆ ಅಕೌಂಟೆಂಟ್ ಅವನು ಹಾಕಿದ ಒಂದೊಂದು ಎಂಟ್ರಿಯನ್ನೂ ತಿರುಗಿ ನೋಡತೊಡಗಿದರು. ಬ್ಯಾಂಕ್ ರಿಕನ್ಸಿಲಿಯೇಷನ್ (ಬ್ಯಾಂಕಿನ ಲೆಕ್ಕದ ಜೊತೆ ತಾಳೆ ಹಾಕುವುದು) ಕಲಿಸುತ್ತೇನೆ ಎಂದಿದ್ದವರು ಕಲಿಸಲಿಲ್ಲ. ತಿಂಗಳುಗಟ್ಟಲೆ ಅವನು ಬಿಲ್ಲು ಹಾಕುತ್ತಲೇ ಉಳಿದ. 'ಡೌಟ್ ಕೇಳಿದರೆ ಏನೂ ಬರುವುದಿಲ್ಲ ಅಂದುಕೊಳ್ಳುತ್ತಾರೆ' ಎನ್ನುವ ನಿಮ್ಮ ಮಾತಿಗೆ ಇದೇ ಉತ್ತರ. ಮೊದಲ ಮೂರು ತಿಂಗಳು ನಿಮಗೆ ಎಷ್ಟು ಗೊತ್ತು ಎಂದು ಯಾರೂ ಅಳೆಯುವುದಿಲ್ಲ, ಸ್ವಲ್ಪವೇ ಗೊತ್ತು ಎಂದು ಅವರಿಗೆ ಗೊತ್ತಿದೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಹೇಳುತ್ತೀರಾ ಇಲ್ಲವಾ ಎನ್ನುವುದನ್ನು ಮಾತ್ರ ನೋಡುತ್ತಾರೆ. ಹಾಗೆ ಹೇಳುವವರಿಗೆ ಧೈರ್ಯವಾಗಿ ಕೆಲಸ ವಹಿಸಬಹುದು, ಅಲ್ವಾ?

ಕೇಳುವುದರಲ್ಲೂ ಸರಿಯಾದ ಹೊತ್ತು, ತಪ್ಪು ಹೊತ್ತು ಇದೆ. ಅಕೌಂಟ್ಸ್ ಆಫೀಸಿಗೆ ತಿಂಗಳಲ್ಲಿ ನಾಲ್ಕು ಬಿಸಿ ತಾರೀಕುಗಳು. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಪಟ್ಟಿ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್). ಆ ದಿನಗಳ ಸಂಜೆ ಹೋಗಿ 'ಸರ್, ಈ ಲೆಡ್ಜರ್ ಯಾವ ಗ್ರೂಪಿಗೆ ಬರುತ್ತದೆ' ಎಂದರೆ ಸಿಡುಕುತ್ತಾರೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ. ನೀವು ಸೇರುವುದು ಜುಲೈ 20. ನೋಡಿ, ಮೊದಲ ದಿನವೇ ರಿಟರ್ನಿನ ದಿನ! ಯಾರೂ ಸರಿಯಾಗಿ ಮುಖ ಕೊಟ್ಟು ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಕಾಗದ ಜೋಡಿಸಿಕೊಡುವುದು, ಪ್ರಿಂಟ್ ತೆಗೆದುಕೊಡುವುದು ಏನಾದರೂ ಇದ್ದರೆ ಮಾಡಿ. ಬಾಕಿ ದಿನಗಳಲ್ಲಿ ಸಣ್ಣ ಡೌಟುಗಳನ್ನು ಪುಸ್ತಕದಲ್ಲಿ ಬರೆದಿಟ್ಟು ಊಟದ ಮೊದಲು ಒಮ್ಮೆ, ಸಂಜೆ ಒಮ್ಮೆ ಕೇಳಿ. ಅದನ್ನು ಕನ್ನಡದಲ್ಲೇ ಬರೆದುಕೊಳ್ಳಿ, ನಿಮ್ಮ ಪುಸ್ತಕ ತಾನೇ. ಮುಂದಿನ ಕೆಲಸವೆಲ್ಲ ಒಂದು ಉತ್ತರದ ಮೇಲೆ ನಿಂತಿದ್ದರೆ ಮಾತ್ರ ಆಗಲೇ ಎದ್ದು ಹೋಗಿ ಕೇಳಿ. ಆ ಉಪ್ಪಳದ ಹುಡುಗನ ಐಜಿಎಸ್‌ಟಿ ಡೌಟ್ ಅಂಥದ್ದಾಗಿತ್ತು.

ಕೆಲಸ ಹೇಳಿದಾಗ ಅದನ್ನೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳುವುದು ಇನ್ನೊಂದು ಅಭ್ಯಾಸ. 'ಆ ಮಂಗಳೂರು ಪಾರ್ಟಿಯ ಬ್ಯಾಲೆನ್ಸ್ ನೋಡಿ, ಡಿಫರೆನ್ಸ್ ಇದ್ದರೆ ಹೇಳಿ' ಎಂದು ನಡೆಯುತ್ತಲೇ ಮಲಯಾಳಂನಲ್ಲಿ ಹೇಳಿ ಹೋಗುತ್ತಾರೆ ಎಂದುಕೊಳ್ಳಿ. 'ಸರ್, ಮಾರ್ಚ್ 31ರದ್ದಾ, ಇವತ್ತಿನವರೆಗಿನದ್ದಾ?' ಎಂದು ಅರ್ಧ ಮಲಯಾಳಂ, ಅರ್ಧ ಇಂಗ್ಲಿಷಿನಲ್ಲಿ ಕೇಳಿ. ವ್ಯಾಕರಣ ತಪ್ಪಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ. ಪ್ರಶ್ನೆ ಸರಿಯಾದದ್ದು ಎನ್ನುವುದು ಮಾತ್ರ ಬೀಳುತ್ತದೆ. ಪೂರ್ತಿ ತಪ್ಪಿಹೋದರೆ 'ಸಾವಕಾಶ ಒಮ್ಮೆ ಹೇಳ್ತೀರಾ, ಮಲಯಾಳಂ ನನಗೆ ಸ್ವಲ್ಪ ನಿಧಾನ' ಎಂದು ಮೊದಲ ವಾರದಲ್ಲೇ ಹೇಳಿಬಿಡಿ. ಮೊದಲ ವಾರ ಹೇಳಿದರೆ ಮಾಹಿತಿ, ಆರನೇ ತಿಂಗಳಿಗೆ ಹೇಳಿದರೆ ನೆಪ.

ಲಿಪಿಯನ್ನು ಮಾತ್ರ ಈಗಲೇ ಗಟ್ಟಿ ಮಾಡಿಕೊಳ್ಳಿ. ಕನ್ನಡದ ಅಕ್ಷರಮಾಲೆಯ ಕ್ರಮವೇ ಅಲ್ಲಿಯೂ. ಒತ್ತಕ್ಷರ ಕೂಡುವ ರೀತಿ ಬೇರೆ, ಅಲ್ಲೇ ಎಡವುವುದು. ದಿನಕ್ಕೆ ಅರ್ಧ ಗಂಟೆ ಪೇಪರ್ ಓದಿದರೆ ಒಂದೆರಡು ತಿಂಗಳಲ್ಲಿ ನಗರಸಭೆಯ ನೋಟಿಸ್, ಕರೆಂಟ್ ಬಿಲ್ಲಿನ ಹಿಂಬದಿ ಓದುವಷ್ಟು ಆಗುತ್ತದೆ. ಪಿಎಸ್‌ಸಿಗೂ ಅದು ಉಪಯೋಗಕ್ಕೆ ಬರುತ್ತದೆ.

ಇಂಗ್ಲಿಷ್ ಮೇಲಿಗೆ ಇಷ್ಟು ಹೆದರಬೇಕಾಗಿಲ್ಲ. ಅಕೌಂಟ್ಸ್ ವಿಭಾಗದಿಂದ ಹೋಗುವ ಮೇಲುಗಳು ಹೆಚ್ಚುಕಡಿಮೆ ಐದಾರು ಬಗೆ: ದುಡ್ಡು ಹಾಕಿದ್ದೇವೆ, ಬಿಲ್ಲಿನ ಪ್ರತಿ ಬಂದಿಲ್ಲ, ರೇಟಿನಲ್ಲಿ ವ್ಯತ್ಯಾಸ ಇದೆ, ಲೆಡ್ಜರ್ ಕಳಿಸಿ, ಕ್ರೆಡಿಟ್ ನೋಟ್ ಕೊಡಿ. ನಿಮ್ಮ ಮೊದಲು ಆ ಕುರ್ಚಿಯಲ್ಲಿ ಇದ್ದವರ 'ಸೆಂಟ್' ಫೋಲ್ಡರ್ ತೆರೆದು ನೋಡಿ, ಎಲ್ಲದಕ್ಕೂ ಮಾದರಿ ಅಲ್ಲೇ ಸಿಗುತ್ತದೆ. ಎರಡು ಸಾಲಿನ ಮೇಲ್ ಸಾಕು. ಉದ್ದ ಬರೆದಷ್ಟೂ ತಪ್ಪು ಜಾಸ್ತಿ.

ಮತ್ತೆ, ನಿಮ್ಮ ಕೈಯಲ್ಲಿ ಇರುವುದನ್ನು ನೀವು ಪತ್ರದಲ್ಲಿ ಹೇಳಲೇ ಇಲ್ಲ. ಬಂದರಿನ ಅಂಗಡಿಯ ಗುಮಾಸ್ತರಿಗೆ ಫೋನ್ ಮಾಡಿ ಕನ್ನಡದಲ್ಲೋ ತುಳುವಿನಲ್ಲೋ 'ಆ ಬಿಲ್ಲಿನ ಕಾಪಿ ಒಮ್ಮೆ ಕಳಿಸ್ತೀರಾ ಅಣ್ಣಾ' ಎಂದು ಕೇಳಬಲ್ಲವರು ಕಾಸರಗೋಡಿನ ಅಕೌಂಟ್ಸ್ ವಿಭಾಗಕ್ಕೆ ಬಹಳ ಬೇಕು. ಇಂಗ್ಲಿಷಿನಲ್ಲಿ ನಾಲ್ಕು ಮೇಲ್ ಹಾಕಿದರೂ ಬಾರದ ಕಾಪಿ ಒಂದು ಫೋನಿಗೆ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಮಂಗಳೂರು ಕಡೆಯ ಪಾರ್ಟಿಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ನೀವಾಗಿ ಕೇಳಿ ತೆಗೆದುಕೊಳ್ಳಿ.

ಪಿಎಸ್‌ಸಿ ವಿಷಯ ಡಂಗುರ ಹೊಡೆಯುವುದೂ ಬೇಡ, ಮುಚ್ಚಿಡುವುದೂ ಬೇಡ. ಕೇಳಿದರೆ 'ಓದುತ್ತಿದ್ದೇನೆ' ಎನ್ನಿ. ಓದದವರು ಯಾರಿದ್ದಾರೆ ಇಲ್ಲಿ? ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಎಲ್‌ಡಿ ಕ್ಲರ್ಕ್ ಹುದ್ದೆ ಕರೆಯುತ್ತಾರೆ, ಅದನ್ನು ಬಿಡಬೇಡಿ. ಆದರೆ ಆಫೀಸಿನ ಮೇಜಿನ ಮೇಲೆ ಗೈಡ್ ತೆರೆದಿಡಬೇಡಿ. ಪರೀಕ್ಷೆಯ ರಜೆಯನ್ನು ಹಾಲ್ ಟಿಕೆಟ್ ಬಂದ ದಿನವೇ ಕೇಳಿ. ಹಿಂದಿನ ದಿನ ಜ್ವರ ಎಂದು ಫೋನ್ ಮಾಡುವುದು ಎಲ್ಲರಿಗೂ ಗೊತ್ತಾಗುತ್ತದೆ.

ಅಜ್ಜಿಯ ಮಾತನ್ನು ತಳ್ಳಿಹಾಕುವುದೂ ಬೇಡ. ಸೋಣ ತಿಂಗಳವರೆಗೆ, ಅಂದರೆ ಆಗಸ್ಟ್ 17ರವರೆಗೆ ಸಮಯ ಕೊಡಿ ಎಂದು ಕೇಳಬಹುದು. ಮಲಯಾಳಿಗಳಿಗೂ ಅದೇ ಹೊತ್ತಿಗೆ ಕರ್ಕಿಡಕ ಇದೆ, ಹೇಳಿದರೆ ಅರ್ಥವಾಗುತ್ತದೆ. ಆದರೆ ಜನ ಬೇಕೆಂದು ಅವಸರದಲ್ಲಿರುವ ಕಂಪನಿ ಒಂದು ತಿಂಗಳು ಕಾಯುವುದು ಅನುಮಾನ. ಪಟ್ಟಿಯಲ್ಲಿ ಎರಡನೆಯವರನ್ನು ಕರೆದುಬಿಡಬಹುದು. ನಮ್ಮ ಕಡೆಯ ಹಿರಿಯರೇ ಒಪ್ಪುವ ಇನ್ನೊಂದು ದಾರಿ ಇದೆ. ಆಟಿ ಹಿಡಿಯುವ ಮೊದಲು ಒಂದು ಒಳ್ಳೆಯ ದಿನ ಅಜ್ಜಿಯಿಂದಲೇ ನೋಡಿಸಿ, ಆ ದಿನ ಆಫೀಸಿಗೆ ಹೋಗಿ ಪ್ರತಿಗಳನ್ನು ಕೊಟ್ಟು, ನೇಮಕಾತಿ ಪತ್ರ ತೆಗೆದುಕೊಂಡು ಬನ್ನಿ. ಶುರು ಆದದ್ದು ಆವತ್ತು. 20ರಂದು ಮುಂದುವರಿಸಿದ ಹಾಗೆ.

ಹಾಗೆ ಹೋದ ದಿನವೇ ಇನ್ನೆರಡು ವಿಷಯ ಕೇಳಿ ಬನ್ನಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ. ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಯಾರು ಎಂದು ವಿಚಾರಿಸಿ. ಇನ್ನೊಂದು ಬಸ್ಸಿನ ವಿಷಯ. ಬದಿಯಡ್ಕ ಕಡೆಗೆ ನಿಮ್ಮ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಅಲ್ಲಿಂದ ಮನೆಗೆ ಎಷ್ಟು ದೂರ ಎಂಬುದನ್ನು ಈಗಲೇ ಹೇಳಿ. 11, 20ನೇ ತಾರೀಕುಗಳಲ್ಲಿ ಕೆಲಸ ತಡವಾದರೆ ಮನೆಗೆ ಬಿಡುವ ವ್ಯವಸ್ಥೆ ಇದೆಯಾ, ಇಲ್ಲದಿದ್ದರೆ ಆ ದಿನ ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು ಸಂಜೆ ಬಸ್ಸಿಗೆ ಹೊರಡಬಹುದಾ ಎಂದು ಕೇಳಿ. ಎರಡನೆಯದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ.